ನೀರು ಕಾಣಬಾರದ ನೀಲಿ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಫಲಕಗಳು ನಮ್ಮ ಮನೆಯ ಅಟ್ಟದ ಮೇಲೆ ಇಂದಿಗೂ ಇವೆ. ಪಾನನಿಷೇಧದ ವಿಷಯದಲ್ಲಿ ಒಂದು ವರ್ಷ ಪರವಾಗಿ, ಮರುವರ್ಷ ವಿರೋಧವಾಗಿ ಮಾತಾಡಿ ಎರಡು ಸಲವೂ ಮೊದಲ ಬಹುಮಾನ ಪಡೆದವನು ನಾನು. ಯಾವ ಸಮಸ್ಯೆಯನ್ನೇ ಆಗಲಿ ಐದು ನಿಮಿಷಗಳಲ್ಲಿ ಇತ್ಯರ್ಥಪಡಿಸಬಹುದು, ನಾಲ್ಕನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಬಾರಿಸಲು ಒಬ್ಬರಿದ್ದರೆ ಸಾಕು ಎಂಬ ದೃಢವಿಶ್ವಾಸದೊಂದಿಗೆ ಪದವಿ ಮುಗಿಸಿ ಹೊರಬಂದೆ. ಇಂಥವನೊಬ್ಬನಿಗಾಗಿ ಸಮಾಜ ಕಾದು ಕುಳಿತಿರುತ್ತದೆ ಎಂದು ಭಾವಿಸಿದ್ದೆ. ಸಮಾಜಕ್ಕೆ ಬೇರೆ ಕೆಲಸಗಳಿದ್ದವು.

ಎಂಬತ್ತರ ದಶಕದ ಆರಂಭದಲ್ಲಿ, ಚಿನ್ನದ ಗಣಿಗಳ ಊರಾದ ರಾಬರ್ಟ್‌ಸನ್‌ಪೇಟೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುವ ಕೆಲಸ ಸಿಕ್ಕಿತು. ನಮ್ಮದು ಬೂದಿಕೋಟೆಯ ಪಕ್ಕದ ಹಳ್ಳಿ. ರಾಗಿ, ಟೊಮೇಟೊ, ಎರಡು ಸೀಮೆಹಸು. ಅವನ್ನೆಲ್ಲ ಅಣ್ಣನಿಗೆ ಒಪ್ಪಿಸಿ ಅಮ್ಮ ನನ್ನ ಬಾಡಿಗೆ ಮನೆಗೆ ಬಂದಳು. ಸಮಾಜ ಸುಧಾರಕರಿಗೂ ಯಾರಾದರೂ ಮುದ್ದೆ ತಿರುವಿ ಹಾಕಬೇಕಾಗುತ್ತದೆ ಎಂಬ ಅಂಶವನ್ನು ಸುಧಾರಣೆಯ ಇತಿಹಾಸ ಬರೆದವರು ಅಷ್ಟಾಗಿ ಗಮನಿಸಿದಂತಿಲ್ಲ.

ಮೊದಲ ವರ್ಷ ಮೈಸೂರು ಮೈನ್ಸಿನ ಕಾರ್ಮಿಕರ ಮನೆಸಾಲುಗಳ ನಡುವೆ ಕೋಣೆಯೊಂದನ್ನು ಹಿಡಿದು ಪಾನವಿರೋಧಿ ಸಂಘ ಕಟ್ಟಿದೆ. ಮೂವರು ಸದಸ್ಯರಾದರು, ಮೂವರೂ ಹುಟ್ಟಿನಿಂದ ಕುಡಿಯದವರು. ಎರಡನೆಯ ವರ್ಷ ಅದೇ ಕೋಣೆಯನ್ನು ವಾಚನಾಲಯವನ್ನಾಗಿ ಪರಿವರ್ತಿಸಿದೆ. ಈಗ ಜನ ಬಂದರು. ಪತ್ರಿಕೆಯ ಸಿನಿಮಾ ಪುಟ ಕೈಯಿಂದ ಕೈಗೆ ದಾಟಿ ದಾಟಿ ಹರಿದೇ ಹೋಗುತ್ತಿತ್ತು. ಸಂಪಾದಕೀಯವಿದ್ದ ಪುಟ ಮಾತ್ರ ಅಚ್ಚಿನಮನೆಯಿಂದ ಬಂದಷ್ಟೇ ಶುಭ್ರವಾಗಿ ಉಳಿಯುತ್ತಿತ್ತು. ಕೇರಂ ಬೋರ್ಡೊಂದು ಯಾರೂ ತರದೆಯೇ ಬಂದು ಸೇರಿತು.

ನೀಲಿಯ ಹುಚ್ಚು ಹತ್ತಿದ್ದು ಮೂರನೆಯ ವರ್ಷ. ಗ್ರಂಥಾಲಯದಲ್ಲಿ ಸಿಕ್ಕಿದ ಖನಿಜಗಳ ಪುಸ್ತಕವೊಂದರಲ್ಲಿ ಬಣ್ಣದ ಚಿತ್ರವಿತ್ತು: ಅಜುರೈಟ್ ಎಂಬ ತಾಮ್ರದ ಖನಿಜ, ಗಾಢ ನೀಲಿ, ಅಪರೂಪ. ಚಿನ್ನವಿರುವ ಬಂಡೆಗಳಲ್ಲಿ ಅಲ್ಲಲ್ಲಿ ತಾಮ್ರದ ಅಂಶವೂ ಇರುತ್ತದೆ ಎಂದು ಕೆಳಗೆ ಒಂದು ಸಾಲು. ಆ ಒಂದು ಸಾಲಿನ ಮೇಲೆ ನಾನು ಇಡೀ ಸಿದ್ಧಾಂತವನ್ನೇ ಕಟ್ಟಿದೆ. ನಮ್ಮ ಊರಿನ ಹಳದಿ ಲೋಹ ನಮ್ಮ ಜನರದ್ದಾಗಿ ಎಂದೂ ಉಳಿದಿಲ್ಲ. ಮೇಲೆ ಬಂದ ಕ್ಷಣವೇ ಅದು ಬೇರೆಯವರದು. ಯಾರಿಗೂ ಬೇಡವಾದ ನೀಲಿಯಾದರೂ ನಮ್ಮದಾಗಲಿ. ಮಕ್ಕಳು ಅದನ್ನು ಹುಡುಕಲಿ, ಗುರುತಿಸಲಿ, ಹೆಮ್ಮೆಪಡಲಿ. ವೈಜ್ಞಾನಿಕ ಮನೋಭಾವ ತಾನಾಗಿ ಬೆಳೆಯುತ್ತದೆ, ಮೂಢನಂಬಿಕೆ ತಾನಾಗಿ ಉದುರುತ್ತದೆ. ಇಷ್ಟನ್ನೂ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ. ನಾಲ್ಕೂಮುಕ್ಕಾಲು ನಿಮಿಷ ಬಂತು.

ಭಾನುವಾರಗಳಲ್ಲಿ ಚೀಲ ಹಿಡಿದು, ಗಣಿಯಿಂದ ಹೊರಗೆ ಸುರಿದ ನಿರುಪಯುಕ್ತ ಕಲ್ಲುಗಳ ದಿಬ್ಬಗಳನ್ನು ಹತ್ತತೊಡಗಿದೆ. ನಾಲ್ಕನೆಯ ಭಾನುವಾರ ಕಾವಲುಗಾರನೊಬ್ಬ ಹಿಡಿದ.

"ಏನ್ ಸಾರ್ ಚೀಲ್ದಾಗೆ?"

"ಕಲ್ಲು."

"ಅದು ಕಾಣ್ತೈತೆ. ಯಾವ್ ಕಲ್ಲು?"

"ತಾಮ್ರದ ಅಂಶವಿರುವ ನೀಲಿ ಖನಿಜದ ಮಾದರಿಗಳು. ವಿದ್ಯಾರ್ಥಿಗಳಲ್ಲಿ ವೈಜ್ಞಾನಿಕ ಮನೋಭಾವವನ್ನು ಬೆಳೆಸುವ ಘನ ಉದ್ದೇಶದಿಂದ..."

ಅವನು ಅಷ್ಟರಲ್ಲಿ ಚೀಲವನ್ನು ನೆಲಕ್ಕೆ ಸುರಿದು, ಕಾಲಿನಿಂದ ಕಲ್ಲುಗಳನ್ನು ಹರಡಿ ನೋಡುತ್ತಿದ್ದ. "ಚಿನ್ನ ಕದಿಯೋರ್ನ ಇಡ್ದಿದೀನಿ, ಕಬ್ಣ ಕದಿಯೋರ್ನ ಇಡ್ದಿದೀನಿ," ಎಂದ. "ಬಣ್ಣ ಕದಿಯೋನು ಇವತ್ತೇ ಸಾರ್ ಸಿಕ್ಕಿದ್ದು. ತಗಂಡೋಗಿ. ಬಿಸ್ಲು ಜಾಸ್ತಿ ಆಯ್ತದೆ, ಟವಲ್ ಆದ್ರೂ ತಲೆಗೆ ಸುತ್ಕಳಿ."

ಹೀಗೆ ರಾಜ್ಯಶಕ್ತಿಯ ದಮನವನ್ನು ಎದುರಿಸಿ ನಾನು ಕೂಡಿಸಿದ ಮಾದರಿಗಳು ಒಟ್ಟು ಏಳು. ಕಣ್ಣನ್ನು ಕಿರಿದುಮಾಡಿ, ಮೋಡವಿಲ್ಲದ ದಿನ, ಒಂದು ಕೋನದಿಂದ ನೋಡಿದರೆ ಅವು ನೀಲಿಯಾಗಿದ್ದವು. ಶಾಲೆಯ ಅಲಮಾರಿಯಲ್ಲಿ ಹತ್ತಿ ಹಾಸಿ ಜೋಡಿಸಿದೆ. ರಸಾಯನಶಾಸ್ತ್ರದ ಸಹೋದ್ಯೋಗಿ ಬಾಗಿ ನೋಡಿ, "ಪಾಚಿ ಕಟ್ಟಿದೆ, ಉಜ್ಜಿಸಿ," ಎಂದು ಹೇಳಿ ಹೋದರು.

ಅದೇ ವಾಚನಾಲಯದಲ್ಲಿ ವಾರಕ್ಕೆ ಎರಡು ಸಂಜೆ ನಾನು ಹಿರಿಯರಿಗೆ ಅಕ್ಷರ ಕಲಿಸುತ್ತಿದ್ದೆ. ಕಡೆಯವರೆಗೆ ಉಳಿದವರು ಒಬ್ಬರೇ: ಗಣಿಯೊಳಗೆ ಸುರಂಗದ ಚಾವಣಿ ಕುಸಿಯದಂತೆ ಮರದ ದಿಮ್ಮಿಗಳನ್ನು ಆನಿಸುವ ಕೆಲಸ ಮಾಡಿ ನಿವೃತ್ತರಾದ ಮುದುಕರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ನನ್ನೊಡನೆ ಕನ್ನಡ. ಮೂರರ ನಡುವೆಯೂ ಕೆಮ್ಮು. ಕಲ್ಲಿನ ಧೂಳು ಎದೆಯೊಳಗೆ ಕೂತವರ ಕೆಮ್ಮು ಅದು. ಅಕ್ಷರಗಳು ಕೂಡಿಬಂದ ದಿನ ನಾನು ಕ್ರಮದಂತೆ, "ಯಜಮಾನರೇ, ಈಗ ನಿಮ್ಮ ಹೆಸರು ಬರೆಯಿರಿ," ಎಂದೆ. ಅವರು ಬಹಳ ಹೊತ್ತು ಬಳಪ ಒತ್ತಿ ಬರೆದರು. ಓದಿದರೆ ಬೇರೆ ಯಾರದೋ ಹೆಸರು.

"ಇದು ನಿಮ್ಮದಲ್ಲವಲ್ಲ?"

"ನನ್ ಎಸ್ರು ನಂಗೆ ಗೊತ್ತೈತಲ್ಲ ಮೇಷ್ಟ್ರೇ. ಮರ್ತೋಗೋದ್ನ ಅಲ್ವಾ ಬರ್ಕಳೋದು?"

ಅದು ಅವರ ಜೊತೆಗಾರನ ಹೆಸರು. ದಿಮ್ಮಿ ಹೊರುವ ಕೆಲಸಕ್ಕೆ ಇಬ್ಬರು ಬೇಕು. ಇವರು ಒಂದು ತುದಿ, ಅವನು ಇನ್ನೊಂದು ತುದಿ. ಕೆಳಗಿಳಿಯುವಾಗ ಪ್ರತಿಯೊಬ್ಬನಿಗೂ ನಂಬರು ಕೊರೆದ ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು, ಮೇಲೆ ಬಂದವನು ಅದನ್ನು ಹಿಂದಿರುಗಿಸಬೇಕು. ಯಾರು ಬಂದಿಲ್ಲ ಎಂಬುದು ಬಿಲ್ಲೆಯ ಹಲಗೆಯಿಂದಲೇ ತಿಳಿಯುತ್ತಿತ್ತು. ಎಪ್ಪತ್ತರ ದಶಕದಲ್ಲಿ ಒಂದು ದಿನ, ಊರಿನವರು ಏರ್‌ಬ್ಲಾಸ್ಟ್ ಎನ್ನುವ ಬಂಡೆಯ ಸಿಡಿತವಾಗಿ, ಆ ಸುರಂಗ ಅವನನ್ನು ಒಳಗಿಟ್ಟುಕೊಂಡೇ ಮುಚ್ಚಿಹೋಯಿತು. ಇವರು ಆ ದಿನ ಜ್ವರ ಬಂದು ಮನೆಯಲ್ಲಿದ್ದರು.

"ಬಿಲ್ಲೆ ನಂಬ್ರು ಎಲ್ಲಾರ್ಗೂ ಗ್ಯಾಪ್ನ ಐತೆ," ಎಂದರು. "ಎಸ್ರೇನು ಅಂತ ಕೇಳಿ ನೋಡಿ, ತಲೆ ಕೆರ್ಕೋತಾರೆ. ಎಂಡ್ರಿಲ್ಲ, ಮಕ್ಳಿಲ್ಲ. ಗೋರಿ ಕಟ್ಟಣ ಅಂದ್ರೆ ಮಣ್ ಮಾಡಕ್ಕೆ ಏನೈತೆ?"

ನಾನು ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಯಾರ ಹೆಸರನ್ನೂ ಬರೆಯದೆ ಈ ನೆನಪುಗಳನ್ನು ದಾಟಿಸಬೇಕೆಂದು ಹೊರಟಿದ್ದೇನೆ. ಅವನದೊಂದನ್ನು ಬರೆದರೆ ಉಳಿದವರದೂ, ಮುಖ್ಯವಾಗಿ ನನ್ನದೂ, ಬರೆಯಬೇಕಾಗುತ್ತದೆ.

ಒಂದು ಸಂಜೆ ಏಳು ಕಲ್ಲುಗಳನ್ನೂ ವಾಚನಾಲಯಕ್ಕೆ ಒಯ್ದು ತಾಮ್ರದ ನೀಲ ಖನಿಜಗಳ ಬಗ್ಗೆ ಉಪನ್ಯಾಸ ಮಾಡಿದೆ. ಕೇರಂ ಆಡುತ್ತಿದ್ದವರು ಸೌಜನ್ಯಕ್ಕಾಗಿ ಸ್ಟ್ರೈಕರನ್ನು ಮೆಲ್ಲಗೆ ಹೊಡೆದರು. ಮುದುಕರು ಮಾತ್ರ ಒಂದೊಂದೇ ಕಲ್ಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, "ಇದ್ನ ನೀಲಿ ಅಂತೀರಾ ಮೇಷ್ಟ್ರೇ?" ಎಂದರು. ಮರುದಿನ ಬಟ್ಟೆಯಲ್ಲಿ ಸುತ್ತಿದ ಗಾಜಿನ ಸೀಸೆಯೊಂದನ್ನು ತಂದು ನನ್ನ ಮುಂದಿಟ್ಟರು.

ನಾನು ಐದು ನಿಮಿಷ ಮಾತಾಡಲಿಲ್ಲ. ನನ್ನನ್ನು ಬಲ್ಲವರಿಗೆ ಅದರ ಅರ್ಥ ಗೊತ್ತು. ಸಣ್ಣ ನಿಂಬೆಹಣ್ಣಿನಷ್ಟು ಗಾತ್ರ. ಕೂದಲಿನ ಕುಚ್ಚಿನಂತೆ ಎಳೆಎಳೆಯಾಗಿ ಬಾಗಿ ಬೆಳೆದ ಕಲ್ಲು. ಸೀಮೆಎಣ್ಣೆ ಸ್ಟವ್ವಿನ ಜ್ವಾಲೆಯ ಬುಡದಲ್ಲಿ ಒಂದು ನೀಲಿ ಇರುತ್ತದಲ್ಲ, ಅದು. ಕೈಬಿಟ್ಟ ಹಳೆಯ ಸುರಂಗವೊಂದರಲ್ಲಿ, ನೀರು ಜಿನುಗುವ ಗೋಡೆಯ ಮೇಲೆ ಅದು ಬೆಳೆದಿತ್ತಂತೆ. ಜೊತೆಗಾರ ಅದನ್ನು ಬಿಡಿಸಿ, ಬುತ್ತಿಯ ಡಬ್ಬಿಯಲ್ಲಿಟ್ಟು ಇವರಿಗೆ ಕೊಟ್ಟನಂತೆ. ಚಿನ್ನವಲ್ಲವೆಂದು ಬಾಗಿಲಲ್ಲಿ ತಪಾಸಣೆ ಮಾಡುವವರು ಬಿಟ್ಟರಂತೆ. ಅದಾದ ವಾರಕ್ಕೇ ಸಿಡಿತ.

ಬಂಗಾರಪೇಟೆಯಲ್ಲಿ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಎರಡು ವಾರವಿತ್ತು. ಕಲ್ಲನ್ನು ಅಲ್ಲಿ ಇಡಲು ಕೊಡಿ ಎಂದು ಕೇಳಿದೆ. ಅವರು ಒಪ್ಪಿದರು, ಎರಡು ಷರತ್ತು ಹಾಕಿದರು.

ಮೊದಲನೆಯದು: "ನೀರು ಕಾಣಬಾರ್ದು. ಮಳೆ ದಿನ ಮುಚ್ಳ ತೆಗೀಬಾರ್ದು, ಒದ್ದೆ ಕೈಯಾಗೆ ಮುಟ್ಬಾರ್ದು. ಗಂಗಮ್ಮ ಕೊಟ್ಟಿದ್ದು ಮೇಷ್ಟ್ರೇ. ಕಂಡ್ರೆ ವಾಪಸ್ ಕೇಳ್ತಾಳೆ. ಕೆಳ್ಗಡೆ ಕೆಲ್ಸ ಮಾಡ್ದೋರು ಯಾರ್ನಾನಾ ಕೇಳಿ."

ಎದುರಾಳಿ ಮಾತಾಡುವಾಗ ಮುಖದ ಮೇಲೆ ಇಟ್ಟುಕೊಳ್ಳಬೇಕಾದ ಮುಗುಳ್ನಗೆಯೊಂದನ್ನು ನಾನು ಕಾಲೇಜಿನಲ್ಲಿ ಅಭ್ಯಾಸ ಮಾಡಿದ್ದೆ. ಅದನ್ನು ಇಟ್ಟುಕೊಂಡೆ.

ಎರಡನೆಯದು: ಕಲ್ಲಿನ ಕೆಳಗೆ ಇಡುವ ಚೀಟಿಯಲ್ಲಿ ಜೊತೆಗಾರನ ಹೆಸರಿರಬೇಕು. ನಾನು ಆಗಲೇ ಬರೆದಿಟ್ಟಿದ್ದ ಚೀಟಿಯನ್ನು ಓದಿ ಹೇಳಿದೆ: "ಅಜುರೈಟ್. ಅಪರೂಪದ ತಾಮ್ರದ ಖನಿಜ. ಶ್ರಮಿಕ ವರ್ಗದ ಕೊಡುಗೆ." ವ್ಯಕ್ತಿಗಿಂತ ಸಮೂಹ ದೊಡ್ಡದು, ಹೆಸರಿನ ಮೋಹವೇ ಶೋಷಣೆಯ ಮೂಲ ಎಂದು ವಿವರಿಸಿದೆ. ಅವರು ಕೆಮ್ಮಿ ಮುಗಿಸುವವರೆಗೆ ನನ್ನನ್ನು ಕಾಯಿಸಿದರು.

"ವರ್ಗ ಅಂದ್ರೆ ಯಾರು ಮೇಷ್ಟ್ರೇ? ಯಾವ್ ಶಿಫ್ಟ್‌ನಾಗೆ ಬತ್ತಿದ್ದ? ನನ್ ಜೊತೇಲಿ ದಿಮ್ಮಿ ಒತ್ತೋನು ಅವ್ನಲ್ಲ."

ನನ್ನ ಚರ್ಚಾಜೀವನದ ಅಪರೂಪದ ಸೋಲು. ಹೊಸ ಕಾರ್ಡು ತೆಗೆದು, ಶಾಯಿ ಪೆನ್ನಿನಲ್ಲಿ, ನನ್ನ ಕೈಲಾದಷ್ಟು ದುಂಡಗೆ ಆ ಹೆಸರನ್ನು ಬರೆದೆ. ಅವರು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ, ಸೀಸೆಯನ್ನು ನನ್ನ ಕಡೆಗೆ ಸರಿಸಿದರು.

ಈಗ ಮೊದಲನೆಯ ಷರತ್ತಿನ ವಿಚಾರ. ಕಲ್ಲಿನ ಎಳೆಗಳ ನಡುವೆ ಹಳೆಯ ಧೂಳು ಕೂತಿತ್ತು. ಪ್ರದರ್ಶನದ ವಸ್ತು ಸ್ವಚ್ಛವಾಗಿರಬೇಕು ಎಂಬುದು ಒಂದು ವಾದ. ಗಂಗಮ್ಮ ಕಲ್ಲನ್ನು ವಾಪಸ್ ಕೇಳುತ್ತಾಳೆಂಬ ನಂಬಿಕೆಯನ್ನು ಪಾಲಿಸಿದರೆ ನನ್ನ ಮೂರು ವರ್ಷಗಳ ಹೋರಾಟಕ್ಕೆ ಅರ್ಥವೇನು ಎಂಬುದು ಇನ್ನೊಂದು. ನನ್ನ ಪುಸ್ತಕದ ಅಜುರೈಟ್ ನೀರಿಗೆ ಜಗ್ಗುವಂಥದ್ದಲ್ಲ ಎಂಬುದು ಮೂರನೆಯದು, ಎಲ್ಲಕ್ಕಿಂತ ಬಲವಾದದ್ದು. ವಿರೋಧ ಪಕ್ಷದವರು ಕೋಣೆಯಲ್ಲಿ ಇರಲಿಲ್ಲವಾದ್ದರಿಂದ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಬೆಳಿಗ್ಗೆ ಒಂದು ದೊಡ್ಡ ಬಟ್ಟಲಿನಲ್ಲಿ ಬಿಸಿನೀರು ತುಂಬಿ, ಕಲ್ಲನ್ನು ನೆನೆಯಲು ಬಿಟ್ಟು ಶಾಲೆಗೆ ಹೋದೆ. ಆ ದಿನ ಹತ್ತನೆಯ ತರಗತಿಗೆ ಮೂಢನಂಬಿಕೆಗಳ ಬಗ್ಗೆ ಪಾಠವಿತ್ತು. ಬಹಳ ಚೆನ್ನಾಗಿ ಮಾಡಿದೆನೆಂದು ನೆನಪು.

ಸಂಜೆ ಹೊಸ್ತಿಲು ದಾಟುವ ಮೊದಲೇ ಅಮ್ಮ ಶುರುಮಾಡಿದಳು.

"ಏನ್ಲಾ, ಬುದ್ಧಿ ಐತಾ ನಿಂಗೆ? ಅನ್ನ ತಿನ್ನೋ ಬಟ್ಲಾಗೆ ಇಸ ಕಲ್ಸಿ ಮಡ್ಗೋಗಿದ್ದೀಯಲ್ಲ!"

"ಯಾವ ವಿಷ?"

"ಮೈಲುತುತ್ತ! ಟಮೋಟಕ್ಕೆ ಸುಣ್ಣ ಸೇರ್ಸಿ ಒಡೀತಾರಲ್ಲ, ಅದೇ. ಊರಾಗೆ ನಿಮ್ಮಣ್ಣ ಕೊಟ್ಗೇಲಿ ಮಡ್ಗ್ತಾನೆ, ನೀನು ಅಡ್ಗೆ ಮನ್ಯಾಗೆ ಮಡ್ಗಿದ್ದೀಯ. ನೀರೆಲ್ಲ ನೀಲಿ ಆಗೋಗಿತ್ತು. ತಳ್ದಾಗೆ ಕಡ್ಲೆ ಕಾಳಷ್ಟು ಉಳ್ದಿತ್ತೋ ಏನೋ. ಎಲ್ಲಾ ಮೋರಿಗೆ ಸುರ್ದು ಬಟ್ಲು ಮೂರು ಸಲ ಉಜ್ಜಿದೀನಿ."

ಎಂದೂ ಶಾಲೆಯ ಮೆಟ್ಟಿಲು ಹತ್ತದ ನನ್ನ ತಾಯಿ, ಖನಿಜಶಾಸ್ತ್ರದ ಪುಸ್ತಕವೂ ನಾನೂ ಸೇರಿ ಗುರುತಿಸಲಾಗದ್ದನ್ನು ಮೋರಿಯ ಪಕ್ಕದಲ್ಲಿ ನಿಂತು ಗುರುತಿಸಿದ್ದಳು. ಗಣಿಯ ಗೋಡೆಯ ಮೇಲೆ ಜಿನುಗುವ ನೀರು ತಾಮ್ರವನ್ನು ಕರಗಿಸಿ ತಂದು, ಆರುತ್ತ ಆರುತ್ತ ಕಟ್ಟಿದ ಮೈಲುತುತ್ತದ, ಎಂದರೆ ತಾಮ್ರದ ಸಲ್ಫೇಟಿನ, ಹರಳು ಅದು. ಸ್ವಾಭಾವಿಕವಾಗಿ ಹಾಗೆ ಸಿಗುವುದು ನಿಜಕ್ಕೂ ಅಪರೂಪ; ನೀರು ಕೊಟ್ಟದ್ದನ್ನು ನೀರು ಹಿಂದಕ್ಕೆ ಒಯ್ಯುತ್ತದೆ ಎಂಬುದೇ ಕಾರಣ. ಕೆಳಗೆ ದುಡಿದವರು ಅದನ್ನು ಗಂಗಮ್ಮನ ಹೆಸರಿನಲ್ಲಿ ಹೇಳುತ್ತಿದ್ದರು. ನಾನು ಹೆಸರನ್ನು ಕೇಳಿ ನಕ್ಕೆ, ವಿಷಯವನ್ನು ಕೇಳಿಸಿಕೊಳ್ಳಲಿಲ್ಲ.

ಸತ್ಯವನ್ನು ಕೂಡಲೇ ಒಪ್ಪಿಕೊಳ್ಳುವುದು ಉತ್ತಮ ಎಂದು ನಾನು ವಿದ್ಯಾರ್ಥಿಗಳಿಗೆ ಅನೇಕ ಸಲ ಹೇಳಿದ್ದೇನೆ. ಆದ್ದರಿಂದ ಮರುದಿನ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ, ಸ್ಟೇಷನ್ನಿನ ಹತ್ತಿರದ ಗೊಬ್ಬರದ ಅಂಗಡಿಯಲ್ಲಿ ಮೈಲುತುತ್ತ ಕೇಳಿದೆ.

"ಎಷ್ಟ್ ಎಕ್ರೆಗೆ ಸಾರ್?" ಎಂದ ಅಂಗಡಿಯವನು.

"ಒಂದು ಲೋಟಕ್ಕೆ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕುಡಿಯಕ್ ಗಿಡಿಯಕ್ಕಲ್ಲ ತಾನೇ? ಮನೇಲಿ ಏನಾನಾ ಜಗ್ಳಾನಾ?"

ಇಲ್ಲವೆಂದು ಪ್ರಮಾಣ ಮಾಡಿ ಪೊಟ್ಟಣ ತಂದೆ. ಬಿಸಿನೀರಿನಲ್ಲಿ ಕರಗುವಷ್ಟೂ ಕರಗಿಸಿ, ದಾರವೊಂದನ್ನು ಇಳಿಬಿಟ್ಟು ಅಲುಗಾಡಿಸದೆ ಇಟ್ಟರೆ ಹರಳು ಬೆಳೆಯುತ್ತದೆ ಎಂಬುದನ್ನು ರಸಾಯನಶಾಸ್ತ್ರದ ಸಹೋದ್ಯೋಗಿಯಿಂದ, ಸುಮ್ಮನೆ ಕುತೂಹಲಕ್ಕೆಂಬಂತೆ, ಕೇಳಿ ತಿಳಿದೆ. ಹತ್ತು ದಿನ ದಿನಕ್ಕೆ ನಾಲ್ಕು ಸಲ ಲೋಟದೊಳಗೆ ಇಣುಕಿದೆ. "ಟಮೋಟ ನಟ್ಟಿದ್ರೆ ಇಷ್ಟ್ರಾಗೆ ಬೇರಾನಾ ಇಡೀತಿತ್ತು," ಎಂದು ಅಮ್ಮ ಗೊಣಗಿದಳು. ಹರಳು ಬೆಳೆಯಿತು. ಚೆನ್ನಾಗಿಯೇ ಬೆಳೆಯಿತು. ನನ್ನ ಸುಧಾರಣಾ ಕಾರ್ಯಗಳಲ್ಲಿ ಬೆಳೆದದ್ದು ಅದೊಂದೇ. ದಾರ ಕತ್ತರಿಸಿ, ಮುದುಕರ ಸೀಸೆಯೊಳಗೆ ಇಟ್ಟು, ಮುಚ್ಚಳ ಹಾಕಿದೆ.

ಪ್ರದರ್ಶನದ ದಿನ ಸೀಸೆಯೂ ಅದರ ಮುಂದೆ ಚೀಟಿಯೂ ಮೇಜಿನ ನಡುವೆ ನಿಂತವು. ಚೀಟಿಯಲ್ಲಿ ಅಜುರೈಟ್ ಎಂಬುದನ್ನು ಕೈಬಿಟ್ಟು, "ನೀಲಿ ತಾಮ್ರದ ಹರಳು. ಇದನ್ನು ಗಣಿಯಿಂದ ತಂದವರು" ಎಂದು ಬರೆದು, ಕೆಳಗೆ ಆ ಹೆಸರನ್ನು ಮತ್ತೆ ದುಂಡಗೆ ಬರೆದಿದ್ದೆ. ತೀರ್ಪುಗಾರರಾಗಿ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಕನ್ನಡಕ ಏರಿಸಿ ನೋಡಿ, "ಆಹಾ, ಈ ಕೋನಗಳನ್ನು ನೋಡಿ! ಪ್ರಕೃತಿಯ ಕೈಗಲ್ಲದೆ ಮನುಷ್ಯನ ಕೈಗೆ ಇದು ಸಾಧ್ಯವೇ?" ಎಂದು ನನ್ನನ್ನೇ ಕೇಳಿದರು. ಸಾಧ್ಯವಿಲ್ಲ ಎಂದು ಉತ್ತರಿಸಿದೆ. ಮೊದಲ ಬಹುಮಾನ ಬಂತು. ಫಲಕ.

ಮುದುಕರು ಬೆಳಗಿನ ರೈಲಿಗೇ ಬಂದಿದ್ದರು. ಒಗೆದ ಬಿಳಿ ಅಂಗಿ, ಹೆಗಲ ಮೇಲೆ ಟವಲು. ಬಂದವರೇ ಸೀಸೆಯನ್ನು ಒಂದು ಕ್ಷಣ ಬಾಗಿ ನೋಡಿದರು. ಮೇಜಿನ ಪಕ್ಕದ ಬೆಂಚಿನ ಮೇಲೆ ಕುಳಿತವರು ಸಂಜೆಯವರೆಗೆ ಏಳಲಿಲ್ಲ. ಶಾಲೆ ಶಾಲೆಗಳ ಮಕ್ಕಳು, ಮೇಷ್ಟ್ರುಗಳು, ಸಂತೆಗೆ ಬಂದು ಸುಮ್ಮನೆ ಒಳಗೆ ನುಗ್ಗಿದವರು, ಎಲ್ಲರೂ ನೀಲಿಯನ್ನು ಕಂಡು ನಿಲ್ಲುತ್ತಿದ್ದರು. ನಿಂತವರು ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಪ್ರತಿ ಸಲ ಆ ಹೆಸರು ಕೇಳಿಬಂದಾಗ ಮುದುಕರು, ಹಾಜರಿ ಕೂಗಿದಾಗ ತಲೆಯಾಡಿಸುವವರಂತೆ, ಸಣ್ಣಗೆ ತಲೆಯಾಡಿಸುತ್ತಿದ್ದರು. ಅದನ್ನು ನೋಡುವುದಕ್ಕಿಂತ ಕಾವಲುಗಾರನ ಕೈಗೆ ಇನ್ನೊಮ್ಮೆ ಸಿಕ್ಕಿಬೀಳುವುದು ನನಗೆ ಸುಲಭವಿತ್ತು.

ಜನ ಕರಗಿದ ಮೇಲೆ ಹತ್ತಿರ ಹೋದೆ. ಮಾತು ಸಿದ್ಧವಾಗಿತ್ತು: ಪೀಠಿಕೆ, ಮೂರು ಕಾರಣಗಳು, ಉಪಸಂಹಾರ. ಪೀಠಿಕೆಯ ಮೊದಲ ವಾಕ್ಯಕ್ಕೇ ಅವರು ಕೈಯೆತ್ತಿದರು.

"ಸುಮ್ಕಿರಿ ಮೇಷ್ಟ್ರೇ. ಇದು ಅಂಗ್ಡೀದು. ಇದ್ಕೆ ಮೂಲೆ ಐತೆ. ಅದು ಕೂದ್ಲಂಗಿತ್ತು."

"ಬೆಳಿಗ್ಗೆಯೇ ಗೊತ್ತಾಯಿತೇ?"

"ಅಷ್ಟ್ ವರ್ಸ ಮಡಿಕ್ಕಂಡಿದ್ದೋನ್ಗೆ ಗೊತ್ತಾಗಲ್ವಾ? ನೀರಾಕಿದ್ರಿ."

"ಹಾಕಿದೆ."

"ಯೋಳಿದ್ನಲ್ಲ."

"ಹೇಳಿದ್ದಿರಿ."

ಇಷ್ಟು ಚಿಕ್ಕ ವಾಕ್ಯಗಳಲ್ಲಿ ನಾನು ಅದಕ್ಕೆ ಮೊದಲು ಎಂದೂ ಮಾತಾಡಿರಲಿಲ್ಲ. ಅವರು ಟವಲಿನಿಂದ ಬಾಯಿ ಒರೆಸಿಕೊಂಡರು. "ನೀರು ಎಲ್ಲಿಗೆ ಓಯ್ತು?"

"ಮೋರಿಗೆ. ನಮ್ಮ ಮನೆಯ ಹಿಂದೆ, ಅಲ್ಲಿಂದ ಮಣ್ಣಿಗೆ."

ಹೊರಗೆ ಮಕ್ಕಳು ಮೇಜುಗಳನ್ನು ಎಳೆದು ಜೋಡಿಸುವ ಸದ್ದು. "ಅಂಗಾದ್ರೆ ಅವ್ನು ನೆಲದೊಳಕ್ಕೇ ಓಗ್ಬಿಟ್ಟ," ಎಂದರು ಅವರು. "ಬಂದ್ ದಾರೀಲೇ ಓಗವ್ನೆ. ಓಗ್ಲಿ ಬಿಡಿ." ಮತ್ತೆ ಕೆಮ್ಮಿ, "ಆದ್ರೆ ನನ್ನ ಕೇಳಿ ಆಕ್ಬೇಕಾಗಿತ್ತು ಮೇಷ್ಟ್ರೇ. ಅದೊಂದು ನೀವು ಮಾಡಿದ್ದು ಸರಿಯಿಲ್ಲ," ಎಂದರು.

"ಸರಿಯಿಲ್ಲ," ಎಂದು ಪೀಠಿಕೆಯಿಲ್ಲದೆ ಒಪ್ಪಿದೆ.

ಆಮೇಲೆ ಅವರು ಎದ್ದು, ಸೀಸೆಯ ಮುಚ್ಚಳ ತಿರುವಿ, ನನ್ನ ಬಹುಮಾನಿತ ಹರಳನ್ನು ಎರಡು ಬೆರಳಲ್ಲಿ ತೆಗೆದು ಮೇಜಿನ ಮೇಲೆ, ಫಲಕದ ಪಕ್ಕದಲ್ಲಿ ಇಟ್ಟರು. "ಇದು ನಿಮ್ದು. ಟಮೋಟಕ್ಕೆ ಆಯ್ತದೆ." ಚೀಟಿಯನ್ನು ಎತ್ತಿಕೊಂಡರು. ಬೆರಳಿಟ್ಟು ಮತ್ತೊಮ್ಮೆ ಹೆಸರನ್ನು ಓದಿದರು. ಓದಿದ ಮೇಲೆ ಅದನ್ನು ಮಡಚದೆ, ಮೆಲ್ಲಗೆ ಸುರುಳಿ ಸುತ್ತಿ, ಖಾಲಿ ಸೀಸೆಯೊಳಗೆ ಇಳಿಸಿದರು. ಗಾಜಿಗೆ ಒತ್ತಿಕೊಂಡು ಅದು ಒಳಗೇ ಬಿಚ್ಚಿಕೊಂಡಿತು. ಹೊರಗಿನಿಂದ ಅಕ್ಷರಗಳು ಕಾಣುತ್ತಿದ್ದವು.

"ಶಾಯಿ ಅಲ್ವಾ ಮೇಷ್ಟ್ರೇ, ಇದು?"

"ಶಾಯಿ."

"ಅಂಗಾದ್ರೆ ಇದೂ ನೀರು ಕಾಣಬಾರ್ದು."

"ಕಾಣಬಾರದು," ಎಂದೆ. "ಮಳೆಗಾಲದಲ್ಲಿ ಮುಚ್ಚಳ ತೆಗೆಯಬೇಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ."

ಅವರು ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಮುಚ್ಚಳವನ್ನು ಬಿಗಿಯಾಗಿ ತಿರುವಿ, ಸೀಸೆಯನ್ನು ಟವಲಿನಲ್ಲಿ ಸುತ್ತಿ ಸ್ಟೇಷನ್ನಿನ ಕಡೆಗೆ ನಡೆದರು. ನಾನು ಫಲಕವನ್ನು ಹೊತ್ತುಕೊಂಡು ಅವರ ಹಿಂದೆ ನಡೆದೆ.